ಇದು ಗಲ್ಲಾಪೆಟ್ಟಿಗೆಯ ಕ್ಯಾಶ್ ಅಲ್ಲ

ಕನ್ನಡದಲ್ಲಿ ಬರೆದರೆ ಎರಡೂ ಒಂದೇ: ಕ್ಯಾಶ್. ಒಂದು, ಕಾಮರ್ಸ್‌ನವರಾದ ನಮಗೆ ಗೊತ್ತಿರುವ ನಗದು. ಇನ್ನೊಂದು, ಕಂಪ್ಯೂಟರ್ ಲ್ಯಾಬಿನಲ್ಲಿ ಕೇಳಿಬರುವ ಕ್ಯಾಶ್. ಇಂಗ್ಲಿಷ್‌ನಲ್ಲಿ ಅದರ ಸ್ಪೆಲ್ಲಿಂಗ್ ಬೇರೆ. ಬಚ್ಚಿಡು ಎನ್ನುವ ಅರ್ಥದ ಫ್ರೆಂಚ್ ಪದದಿಂದ ಬಂದದ್ದು. ಬೇಕಾದ ಮಾಹಿತಿಯನ್ನು ಪ್ರತಿ ಸಲ ನಿಧಾನವಾದ ಡಿಸ್ಕ್‌ನಿಂದ ತರುವ ಬದಲು ವೇಗವಾದ ಮೆಮೊರಿಯಲ್ಲಿ ಇಟ್ಟುಕೊಂಡು ಕೆಲಸ ನಡೆಸುವುದೇ ಈ ಕ್ಯಾಶ್. ಈ ವ್ಯವಸ್ಥೆಯಲ್ಲಿ ಎಡವಟ್ಟಾದರೆ ಆ ಸುದ್ದಿಯನ್ನು ಯಾರಿಗೆ ಹೇಳಬೇಕು, ಎಷ್ಟು ಸಲ ಹೇಳಬೇಕು, ಕೇಳಿದವರು ಏನು ಮಾಡಬೇಕು ಎನ್ನುವುದು ಈ ಲೇಖನದ ವಿಷಯ. ಕಂಪ್ಯೂಟರ್ ಸೈನ್ಸ್ ತೆಗೆದುಕೊಳ್ಳದವರೂ ಓದಬಹುದು. ಅಕೌಂಟೆನ್ಸಿ ಗೊತ್ತಿದ್ದರೆ ಇದರ ಅರ್ಧ ಭಾಗ ನಿಮಗೆ ಈಗಾಗಲೇ ಗೊತ್ತಿದೆ.

ಕೌಂಟರ್ ಮತ್ತು ಗೋಡೌನ್

ಕಂಪ್ಯೂಟರಿನ ಮೆಮೊರಿಯಿಂದ ಒಂದು ಅಂಕಿ ತರಲು ಸುಮಾರು 100 ನ್ಯಾನೊಸೆಕೆಂಡ್ ಸಾಕು. ತಿರುಗುವ ಹಾರ್ಡ್ ಡಿಸ್ಕ್‌ನಿಂದ ತರಲು ಸುಮಾರು 10 ಮಿಲಿಸೆಕೆಂಡ್ ಬೇಕು. ಲೆಕ್ಕ ಹಾಕಿದರೆ ಡಿಸ್ಕ್ 1 ಲಕ್ಷ ಪಟ್ಟು ನಿಧಾನ. ಮೆಮೊರಿಯ ಕೆಲಸಕ್ಕೆ 1 ಸೆಕೆಂಡ್ ಹಿಡಿಯುತ್ತದೆ ಎಂದುಕೊಂಡರೆ ಡಿಸ್ಕ್‌ನ ಕೆಲಸಕ್ಕೆ ಸುಮಾರು 28 ಗಂಟೆ! ಈಗಿನ ಎಸ್‌ಎಸ್‌ಡಿಗಳು ಬಹಳ ವೇಗವಾಗಿವೆ, ಆದರೂ ಮೆಮೊರಿಯ ಸಮಕ್ಕೆ ಬರುವುದಿಲ್ಲ.

ಆದ್ದರಿಂದ ಲಿನಕ್ಸ್‌ನಂಥ ಆಪರೇಟಿಂಗ್ ಸಿಸ್ಟಮ್ ಖಾಲಿ ಇರುವ ಮೆಮೊರಿಯನ್ನು ಫೈಲ್‌ಗಳ ಕ್ಯಾಶ್ ಆಗಿ ಬಳಸುತ್ತದೆ. ಇದಕ್ಕೆ ಪೇಜ್ ಕ್ಯಾಶ್ ಎಂದು ಹೆಸರು. ಸಾಮಾನ್ಯವಾಗಿ ಒಂದು ಪೇಜ್ ಎಂದರೆ 4096 ಬೈಟ್. ಕಿರಾಣಿ ಅಂಗಡಿಯಲ್ಲಿ ಅಕ್ಕಿ ಮೂಟೆಗಳು ಗೋಡೌನಿನಲ್ಲಿದ್ದರೂ ದಿನದ ಮಾರಾಟಕ್ಕೆ ಬೇಕಾದಷ್ಟನ್ನು ಕೌಂಟರ್ ಪಕ್ಕದಲ್ಲೇ ಇಟ್ಟುಕೊಳ್ಳುತ್ತಾರಲ್ಲ, ಹಾಗೆ.

ಓದುವಾಗ ಈ ಕ್ಯಾಶ್‌ನಿಂದ ದೊಡ್ಡ ಅಪಾಯವಿಲ್ಲ. ಮೆಮೊರಿಯಲ್ಲಿರುವುದು ಡಿಸ್ಕ್‌ನಲ್ಲಿರುವುದರ ನಕಲು ಮಾತ್ರ. ನಕಲು ಹೋದರೆ ಅಸಲಿನಿಂದ ಮತ್ತೆ ತರಬಹುದು. ಡಿಸ್ಕ್ ಕೆಟ್ಟಿದ್ದರೆ ಓದಲು ಕೇಳಿದ ಪ್ರೋಗ್ರಾಮಿಗೆ ಆಗಲೇ ಎರರ್ ಸಿಗುತ್ತದೆ. ಕೇಳಿದವನು ಎದುರಿಗೇ ಕಾಯುತ್ತಿರುತ್ತಾನೆ, ಉತ್ತರ ಅವನಿಗೇ ಹೋಗುತ್ತದೆ.

ಬರೆಯುವಾಗ ಕಥೆ ಬೇರೆ.

ಬರೆದೆ ಎಂದರೆ ಬರೆದದ್ದಲ್ಲ

ಒಂದು ಪ್ರೋಗ್ರಾಮ್ "ಇದನ್ನು ಫೈಲಿಗೆ ಬರೆ" ಎಂದು ಕೇಳಿದಾಗ ಲಿನಕ್ಸ್‌ನ ಕರ್ನೆಲ್ ಆ ಮಾಹಿತಿಯನ್ನು ಪೇಜ್ ಕ್ಯಾಶ್‌ಗೆ ನಕಲು ಮಾಡಿಕೊಂಡು, "ಆಯಿತು" ಎಂದು ಹೇಳಿಬಿಡುತ್ತದೆ. ಡಿಸ್ಕ್‌ಗೆ ಇನ್ನೂ ಒಂದು ಅಕ್ಷರವೂ ಹೋಗಿರುವುದಿಲ್ಲ. ಹೀಗೆ ಮೆಮೊರಿಯಲ್ಲಿ ಬದಲಾಗಿದ್ದು ಡಿಸ್ಕ್‌ಗೆ ಇನ್ನೂ ಹೋಗದ ಪೇಜಿಗೆ ಡರ್ಟಿ ಪೇಜ್ ಎನ್ನುತ್ತಾರೆ. ಕೊಳಕು ಎಂಬ ಅರ್ಥದಲ್ಲಲ್ಲ. ಬಾಕಿ ಇದೆ ಎಂಬ ಅರ್ಥದಲ್ಲಿ. ಕರ್ನೆಲ್ ಸಾಮಾನ್ಯವಾಗಿ 5 ಸೆಕೆಂಡಿಗೊಮ್ಮೆ ಎದ್ದು ನೋಡಿ, 30 ಸೆಕೆಂಡಿಗಿಂತ ಹಳೆಯದಾದ ಡರ್ಟಿ ಪೇಜುಗಳನ್ನು ಹಿನ್ನೆಲೆಯಲ್ಲಿ ಡಿಸ್ಕ್‌ಗೆ ಬರೆಯುತ್ತದೆ. ಬರೆದ ಮೇಲೆ ಆ ಪೇಜ್ ಕ್ಲೀನ್.

ನಮ್ಮ ಮನೆಯ ಉರ್ದುವಿನಲ್ಲಿ ಅಮಾನತ್ ಎಂದರೆ ನಂಬಿ ಒಪ್ಪಿಸಿದ ವಸ್ತು. ಕನ್ನಡ ಪತ್ರಿಕೆಯಲ್ಲಿ ಅಮಾನತು ಎಂದರೆ ಕೆಲಸದಿಂದ ತಾತ್ಕಾಲಿಕವಾಗಿ ದೂರ ಇಟ್ಟದ್ದು. ಡರ್ಟಿ ಪೇಜಿಗೆ ಎರಡು ಅರ್ಥವೂ ಒಪ್ಪುತ್ತದೆ. ಪ್ರೋಗ್ರಾಮ್ ನಂಬಿ ಕೊಟ್ಟ ಮಾಹಿತಿ ಅದು. ಡಿಸ್ಕ್‌ಗೆ ತಲುಪುವವರೆಗೆ ನಡುವೆ ತೂಗಾಡುತ್ತಿರುತ್ತದೆ.

ಇದನ್ನು ಚೆಕ್‌ಗೆ ಹೋಲಿಸಿ ನೋಡಿ. ನೀವು ಬ್ಯಾಂಕ್ ಕೌಂಟರಿನಲ್ಲಿ ಚೆಕ್ ಕೊಡುತ್ತೀರಿ. ಅವರು ಚಲನ್‌ಗೆ ಸೀಲ್ ಹಾಕಿ ಕೊಡುತ್ತಾರೆ. ನಿಮ್ಮ ಕ್ಯಾಶ್ ಬುಕ್‌ನಲ್ಲಿ ಆ ಹಣ ಜಮಾ. ಬ್ಯಾಂಕಿನ ಪುಸ್ತಕದಲ್ಲಿ ಇನ್ನೂ ಇಲ್ಲ. ಫಸ್ಟ್ ಪಿಯುಸಿಯ ಬ್ಯಾಂಕ್ ರೀಕನ್ಸಿಲಿಯೇಷನ್ ಸ್ಟೇಟ್‌ಮೆಂಟ್ ಇರುವುದೇ ಈ ವ್ಯತ್ಯಾಸವನ್ನು ಹಿಡಿಯಲು. ಸೀಲ್ ಬಿದ್ದ ಚಲನ್ "ಚೆಕ್ ನಮ್ಮ ಕೈಗೆ ಬಂತು" ಎನ್ನುತ್ತದೆ. "ಹಣ ಬಂತು" ಎನ್ನುವುದಿಲ್ಲ. ಕರ್ನೆಲ್‌ನ "ಆಯಿತು" ಕೂಡ ಹಾಗೆಯೇ.

ಹಣ ಬಂತೇ ಎಂದು ಖಚಿತ ಮಾಡಿಕೊಳ್ಳಲು ಪ್ರೋಗ್ರಾಮಿಗೆ ಒಂದು ದಾರಿ ಇದೆ. ಅದರ ಹೆಸರು ಎಫ್‌ಸಿಂಕ್. "ಈ ಫೈಲಿನ ಬಾಕಿ ಎಲ್ಲವನ್ನೂ ಈಗಲೇ ಡಿಸ್ಕ್‌ಗೆ ಬರೆದು ಮುಗಿಸು, ಮುಗಿದ ಮೇಲೆ ಹೇಳು, ಅಲ್ಲಿಯವರೆಗೆ ನಾನು ಕಾಯುತ್ತೇನೆ" ಎನ್ನುವ ಆದೇಶ ಅದು. ನಮ್ಮ ಹಣ, ನಮ್ಮ ದಾಖಲೆ ಇಟ್ಟುಕೊಳ್ಳುವ ಡೇಟಾಬೇಸ್‌ಗಳು ನಿಂತಿರುವುದು ಎಫ್‌ಸಿಂಕ್ ಕೊಡುವ ಉತ್ತರದ ಮೇಲೆ.

ಚೆಕ್ ಬೌನ್ಸ್ ಆದರೆ?

ಹಿನ್ನೆಲೆಯಲ್ಲಿ ಬರೆಯುವಾಗ ಡಿಸ್ಕ್ "ಆಗಲಿಲ್ಲ" ಎಂದರೆ ಕರ್ನೆಲ್‌ಗೆ ಮೂರು ತಲೆನೋವುಗಳು.

ಮೊದಲನೆಯದು, ಯಾರಿಗೆ ಹೇಳುವುದು? ಬರೆಯಲು ಕೊಟ್ಟ ಪ್ರೋಗ್ರಾಮ್ "ಆಯಿತು" ಎಂದು ಕೇಳಿಸಿಕೊಂಡು ಬೇರೆ ಕೆಲಸಕ್ಕೆ ಹೋಗಿದೆ. ಕೆಲವೊಮ್ಮೆ ಅದು ಮುಚ್ಚಿಯೇ ಹೋಗಿರುತ್ತದೆ.

ಎರಡನೆಯದು, ಒಂದೇ ಫೈಲನ್ನು ನಾಲ್ಕು ಪ್ರೋಗ್ರಾಮ್‌ಗಳು ತೆರೆದಿದ್ದರೆ ಸುದ್ದಿ ಒಬ್ಬರಿಗೋ, ನಾಲ್ವರಿಗೂ?

ಮೂರನೆಯದು, ಬರೆಯಲಾಗದ ಆ ಪೇಜನ್ನು ಏನು ಮಾಡುವುದು? ಡರ್ಟಿ ಆಗಿಯೇ ಇಟ್ಟು ಮತ್ತೆ ಮತ್ತೆ ಪ್ರಯತ್ನಿಸುವುದೋ, ಕೈಬಿಡುವುದೋ?

ಮೂರನೆಯ ಪ್ರಶ್ನೆಗೆ ಉತ್ತರ ಸುಲಭ, ಇಟ್ಟುಕೊಂಡು ಪ್ರಯತ್ನಿಸಬೇಕು ಎಂದು ನಮಗೆ ಅನಿಸುತ್ತದೆ. ಆದರೆ ಒಂದು ಪೆನ್‌ಡ್ರೈವ್ ನೆನಪಿಸಿಕೊಳ್ಳಿ. ಯಾರೋ ಫೈಲ್ ಕಾಪಿ ಆಗುತ್ತಿರುವಾಗಲೇ ಅದನ್ನು ಕಿತ್ತು ಜೇಬಿಗೆ ಹಾಕಿಕೊಂಡು ಮನೆಗೆ ಹೋಗುತ್ತಾರೆ. ಅದಕ್ಕೆ ಸೇರಬೇಕಾದ ಡರ್ಟಿ ಪೇಜುಗಳು ಮೆಮೊರಿಯಲ್ಲಿ ಉಳಿದವು. ಆ ಪೆನ್‌ಡ್ರೈವ್ ಮತ್ತೆ ಬರದೇ ಇರಬಹುದು. ಲಿನಕ್ಸ್‌ನಲ್ಲಿ ಡರ್ಟಿ ಪೇಜುಗಳಿಗೆ ಮಿತಿ ಇದೆ: ಬಳಕೆಗೆ ಸಿಗುವ ಮೆಮೊರಿಯಲ್ಲಿ ಸಾಮಾನ್ಯವಾಗಿ ಶೇಕಡಾ 20. ಅದು ತುಂಬಿದರೆ ಬರೆಯಲು ಬರುವ ಎಲ್ಲ ಪ್ರೋಗ್ರಾಮ್‌ಗಳೂ ಕಾಯಬೇಕು. ಎಂದೂ ಖಾಲಿಯಾಗದ ಪೇಜುಗಳು ಆ ಜಾಗ ಹಿಡಿದುಕೊಂಡರೆ, ಕಿತ್ತುಹೋದ ಒಂದು ಪೆನ್‌ಡ್ರೈವ್‌ನಿಂದ ಇಡೀ ಕಂಪ್ಯೂಟರ್ ನಿಂತುಬಿಡಬಹುದು.

ಹಾಗಾಗಿ ಲಿನಕ್ಸ್‌ನ ಮುಖ್ಯ ಫೈಲ್ ಸಿಸ್ಟಮ್‌ಗಳಾದ ಇಎಕ್ಸ್‌ಟಿ4 ಮತ್ತು ಎಕ್ಸ್‌ಎಫ್‌ಎಸ್ ಬೇರೆ ದಾರಿ ಹಿಡಿದವು. ಬರೆಯಲು ಆಗಲಿಲ್ಲವೇ? ಎರರ್ ಆಯಿತು ಎಂದು ಗುರುತು ಹಾಕಿಕೊ, ಪೇಜನ್ನು ಕ್ಲೀನ್ ಎಂದು ಬದಲಿಸು. ಗಮನಿಸಿ, ಮಾಹಿತಿ ಡಿಸ್ಕ್‌ಗೆ ಹೋಗಿಲ್ಲ, ಆದರೂ ಪೇಜ್ ಕ್ಲೀನ್. ಎಲ್ಲರೂ ಹೀಗೆ ಮಾಡಲಿಲ್ಲ. ಫ್ರೀಬಿಎಸ್‌ಡಿ ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಅಂಥ ಪೇಜನ್ನು ಡರ್ಟಿ ಆಗಿಯೇ ಉಳಿಸಿಕೊಳ್ಳುತ್ತದೆ.

ಈಗ ನಮ್ಮ ಬ್ಯಾಂಕಿಗೆ ಬರೋಣ. ಇಲ್ಲಿ ಚೆಕ್ ಬೌನ್ಸ್ ಆದರೆ ಚೆಕ್ಕನ್ನೇ ಕಸದ ಬುಟ್ಟಿಗೆ ಹಾಕುತ್ತಾರೆ. ಒಂದು ಚೀಟಿ ಬರೆದಿಡುತ್ತಾರೆ. ನೀವು ಹೋಗಿ ವಿಚಾರಿಸಿದರೆ "ಬೌನ್ಸ್ ಆಗಿದೆ" ಎಂದು ಒಂದು ಸಲ ಹೇಳಿ ಚೀಟಿಯನ್ನೂ ಹರಿಯುತ್ತಾರೆ. ಮರುದಿನ "ನನ್ನ ಚೆಕ್ ಈಗಲಾದರೂ ಆಯಿತಾ?" ಎಂದು ಕೇಳಿದರೆ, "ನಿಮ್ಮದು ಬಾಕಿ ಏನೂ ಇಲ್ಲ" ಎನ್ನುತ್ತಾರೆ. ಅದು ಸುಳ್ಳಲ್ಲ. ಬಾಕಿ ನಿಜಕ್ಕೂ ಇಲ್ಲ, ಏಕೆಂದರೆ ಚೆಕ್ ಕಸದ ಬುಟ್ಟಿಯಲ್ಲಿದೆ. ಆದರೆ ಕೇಳಿದವನು "ಹಣ ಜಮಾ ಆಯಿತು" ಎಂದು ತಿಳಿದುಕೊಂಡು ಮನೆಗೆ ಹೋಗುತ್ತಾನೆ.

2018ರಲ್ಲಿ ಆದದ್ದು

ಪೋಸ್ಟ್‌ಗ್ರೆಸ್ ಜಗತ್ತಿನಲ್ಲಿ ಬಹಳ ಬಳಕೆಯಲ್ಲಿರುವ ಡೇಟಾಬೇಸ್. 1986ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿ ಶುರುವಾದ ಯೋಜನೆಯಿಂದ ಬೆಳೆದದ್ದು. ಅದು ಕೆಲಸ ಮಾಡುವ ರೀತಿ ಕಾಮರ್ಸ್ ವಿದ್ಯಾರ್ಥಿಗಳಿಗೆ ತಕ್ಷಣ ಅರ್ಥವಾಗುತ್ತದೆ. ಮೊದಲು ಪ್ರತಿ ವ್ಯವಹಾರವನ್ನೂ ಒಂದು ಲಾಗ್‌ನಲ್ಲಿ ಕ್ರಮವಾಗಿ ಬರೆಯುತ್ತದೆ, ಇದು ಜರ್ನಲ್. ಆಮೇಲೆ ನಿಧಾನವಾಗಿ ಅಸಲು ಡೇಟಾ ಫೈಲ್‌ಗಳಿಗೆ ಪೋಸ್ಟಿಂಗ್ ಮಾಡುತ್ತದೆ, ಇದು ಲೆಡ್ಜರ್. ಸಾಮಾನ್ಯವಾಗಿ 5 ನಿಮಿಷಕ್ಕೊಮ್ಮೆ ಚೆಕ್‌ಪಾಯಿಂಟ್ ಎಂಬ ಕೆಲಸ ನಡೆಯುತ್ತದೆ. ಲೆಡ್ಜರಿನ ಎಲ್ಲ ಫೈಲ್‌ಗಳಿಗೂ ಎಫ್‌ಸಿಂಕ್ ಮಾಡಿ, ಎಲ್ಲವೂ "ಆಯಿತು" ಎಂದರೆ, ಇಲ್ಲಿಯವರೆಗಿನ ಜರ್ನಲ್ ಪುಟಗಳು ಇನ್ನು ಬೇಕಿಲ್ಲ ಎಂದು ತೀರ್ಮಾನಿಸುತ್ತದೆ.

ಎಫ್‌ಸಿಂಕ್ "ಆಗಲಿಲ್ಲ" ಎಂದರೆ ಪೋಸ್ಟ್‌ಗ್ರೆಸ್ ಏನು ಮಾಡುತ್ತಿತ್ತು? ಆ ಚೆಕ್‌ಪಾಯಿಂಟ್ ಬಿಟ್ಟು, ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಪ್ರಯತ್ನಿಸುತ್ತಿತ್ತು. ಕೇಳಲು ಸರಿಯಾಗಿಯೇ ಇದೆ. ಆದರೆ ಎರಡನೇ ಸಲ ಕೇಳುವ ಹೊತ್ತಿಗೆ ಪೇಜುಗಳು ಕ್ಲೀನ್ ಆಗಿರುತ್ತಿದ್ದವು. ಕರ್ನೆಲ್ "ಬಾಕಿ ಏನೂ ಇಲ್ಲ" ಎನ್ನುತ್ತಿತ್ತು. ಪೋಸ್ಟ್‌ಗ್ರೆಸ್ ಅದನ್ನು ನಂಬಿ ಹಳೆಯ ಜರ್ನಲ್ ಪುಟಗಳನ್ನು ಕೈಬಿಡುತ್ತಿತ್ತು. ಅಲ್ಲಿಗೆ ಆ ನಮೂದು ಲೆಡ್ಜರಿನಲ್ಲೂ ಇಲ್ಲ, ಜರ್ನಲ್‌ನಲ್ಲೂ ಇಲ್ಲ. ಪರದೆಯ ಮೇಲೆ ಎಲ್ಲವೂ ಸರಿಯಾಗಿದೆ ಎಂಬ ಸಂದೇಶ ಮಾತ್ರ ಇದೆ.

2018ರ ಮಾರ್ಚ್‌ನಲ್ಲಿ ಪೋಸ್ಟ್‌ಗ್ರೆಸ್ ಡೆವಲಪರ್ ಕ್ರೇಗ್ ರಿಂಗರ್ ಈ ವಿಷಯವನ್ನು ಸಹೋದ್ಯೋಗಿಗಳ ಮುಂದಿಟ್ಟರು. ಪೋಸ್ಟ್‌ಗ್ರೆಸ್‌ನವರು, ಲಿನಕ್ಸ್ ಕರ್ನೆಲ್‌ನವರು ಕುಳಿತು ಚರ್ಚಿಸಿದರು. ಸುಮಾರು 20 ವರ್ಷದಿಂದ ಒಂದು ತಪ್ಪು ತಿಳಿವಳಿಕೆಯ ಮೇಲೆ ಕೋಡ್ ನಡೆದುಬಂದಿತ್ತು ಎಂಬುದು ಗೊತ್ತಾಯಿತು. ಈ ಪ್ರಕರಣಕ್ಕೆ ಎಫ್‌ಸಿಂಕ್‌ಗೇಟ್ ಎಂಬ ಅಡ್ಡಹೆಸರೂ ಬಂತು. ಯಾವ ಒಬ್ಬರ ಕೋಡ್‌ನಲ್ಲೂ ಅವರ ದೃಷ್ಟಿಯಿಂದ ದೋಷವಿರಲಿಲ್ಲ. "ಎರರ್ ಹೇಳಿದ್ದೇವಲ್ಲ" ಎಂದು ಕರ್ನೆಲ್‌ನವರು. "ಮತ್ತೆ ಕೇಳಿದಾಗ ಆಯಿತು ಎಂದಿರಲ್ಲ" ಎಂದು ಡೇಟಾಬೇಸ್‌ನವರು. "ಆಯಿತು" ಎಂಬ ಒಂದು ಮಾತಿಗೆ ಇಬ್ಬರೂ ಬೇರೆ ಬೇರೆ ಅರ್ಥ ಇಟ್ಟುಕೊಂಡಿದ್ದರು.

ಚೀಟಿಯಿಂದ ಸರ್ಕ್ಯುಲರ್‌ಗೆ

ಯಾರಿಗೆ ಹೇಳುವುದು ಎಂಬ ತಲೆನೋವಿಗೆ ಲಿನಕ್ಸ್‌ನಲ್ಲಿ ಸ್ವಲ್ಪ ಮೊದಲೇ ಚಿಕಿತ್ಸೆ ಶುರುವಾಗಿತ್ತು. ಹಳೆಯ ಪದ್ಧತಿಯಲ್ಲಿ ಫೈಲಿಗೆ ಒಂದೇ ಎರರ್ ಗುರುತು. ಯಾರು ಮೊದಲು ಎಫ್‌ಸಿಂಕ್ ಮಾಡುತ್ತಾರೋ ಅವರಿಗೆ ಎರರ್ ಸಿಕ್ಕಿ ಗುರುತು ಅಳಿದುಹೋಗುತ್ತಿತ್ತು. ಉಳಿದವರಿಗೆ ಸುದ್ದಿಯೇ ಇಲ್ಲ. ಪರೀಕ್ಷೆ ಮುಂದಕ್ಕೆ ಹೋಗಿದೆ ಎಂಬ ಚೀಟಿಯನ್ನು ಆಫೀಸಿನಲ್ಲಿ ಮೊದಲು ಕೇಳಿದ ಒಬ್ಬ ವಿದ್ಯಾರ್ಥಿಯ ಕೈಗೆ ಕೊಟ್ಟು ಕಳಿಸಿದಂತೆ.

2017ರಲ್ಲಿ ಬಂದ ಲಿನಕ್ಸ್ 4.13ರಲ್ಲಿ ಜೆಫ್ ಲೇಟನ್ ಅವರ ಕೆಲಸದಿಂದ ಇದು ಬದಲಾಯಿತು. ಈಗ ಎರರ್‌ಗೆ ಕ್ರಮಸಂಖ್ಯೆ ಇದೆ. ಫೈಲ್ ತೆರೆದಿಟ್ಟುಕೊಂಡ ಪ್ರತಿಯೊಬ್ಬರೂ ತಾವು ಕೊನೆಯದಾಗಿ ನೋಡಿದ ಸಂಖ್ಯೆಯನ್ನು ನೆನಪಿಟ್ಟುಕೊಳ್ಳುತ್ತಾರೆ. ಎಫ್‌ಸಿಂಕ್ ಮಾಡಿದಾಗ ಸಂಖ್ಯೆ ಬದಲಾಗಿದ್ದರೆ ಅವರಿಗೂ ಎರರ್ ಸಿಗುತ್ತದೆ. ಇದು ನೋಟಿಸ್ ಬೋರ್ಡಿನ ಸರ್ಕ್ಯುಲರ್ ಇದ್ದಂತೆ. ಒಬ್ಬರು ಓದಿದರೆಂದು ಬೋರ್ಡಿನಿಂದ ಕಿತ್ತು ಹಾಕುವುದಿಲ್ಲ.

ಆದರೂ ಒಂದು ಸಂದು ಉಳಿದಿತ್ತು. ಎರರ್ ಆದ ಮೇಲೆ ಫೈಲ್ ತೆರೆದವರನ್ನು, ಹಳೆಯದನ್ನೆಲ್ಲ ನೋಡಿದವರು ಎಂದೇ ಲೆಕ್ಕ ಹಾಕುತ್ತಿದ್ದರು. ಪೋಸ್ಟ್‌ಗ್ರೆಸ್‌ನಲ್ಲಿ ಬರೆಯುವ ಪ್ರೋಸೆಸ್ ಒಂದು, ಆಮೇಲೆ ಫೈಲ್ ತೆರೆದು ಎಫ್‌ಸಿಂಕ್ ಮಾಡುವ ಪ್ರೋಸೆಸ್ ಇನ್ನೊಂದು. ಹಾಗಾಗಿ ಎರರ್ ಯಾರಿಗೂ ಸಿಗದೆ ಜಾರಿಹೋಗಬಹುದಿತ್ತು. 2018ರ ಚರ್ಚೆಯ ನಂತರ ಇದನ್ನೂ ಸರಿಪಡಿಸಿದರು. ಯಾರೂ ನೋಡದ ಎರರ್ ಇದ್ದರೆ, ತಡವಾಗಿ ಬಂದವರಿಗೂ ಅದು ಸಿಗುತ್ತದೆ.

ನಿಲ್ಲಿಸುವುದೇ ಸರಿ

ಇನ್ನು ಪೋಸ್ಟ್‌ಗ್ರೆಸ್. 2019ರ ಫೆಬ್ರವರಿ 14ರಂದು ಬಿಡುಗಡೆಯಾದ ಆವೃತ್ತಿಗಳಲ್ಲಿ ಅದರ ನಡವಳಿಕೆ ಬದಲಾಯಿತು. ಡೇಟಾ ಫೈಲಿನ ಎಫ್‌ಸಿಂಕ್ ಒಂದು ಸಲ ವಿಫಲವಾದರೂ ಡೇಟಾಬೇಸ್ ತನ್ನನ್ನು ತಾನೇ ನಿಲ್ಲಿಸಿಕೊಳ್ಳುತ್ತದೆ. ಮತ್ತೆ ಶುರುವಾಗುವಾಗ ಕೊನೆಯ ಸರಿಯಾದ ಚೆಕ್‌ಪಾಯಿಂಟ್‌ನಿಂದ ಜರ್ನಲ್ ಓದಿ, ಎಲ್ಲ ನಮೂದುಗಳನ್ನೂ ಲೆಡ್ಜರಿಗೆ ಹೊಸದಾಗಿ ಪೋಸ್ಟ್ ಮಾಡುತ್ತದೆ. ಪೇಜುಗಳು ಮತ್ತೆ ಡರ್ಟಿ ಆಗುತ್ತವೆ, ನಿಜವಾಗಿಯೂ ಮತ್ತೆ ಬರೆಯಲ್ಪಡುತ್ತವೆ. ಮೈಎಸ್‌ಕ್ಯೂಎಲ್ ಕೂಡ ಇದೇ ದಾರಿಗೆ ಬಂತು.

ನಡೆಯುತ್ತಿರುವ ಡೇಟಾಬೇಸನ್ನು ಬೇಕೆಂದೇ ನಿಲ್ಲಿಸುವುದು ಒರಟುತನ ಅನಿಸಬಹುದು. ಆದರೆ ಲೆಕ್ಕ ಹಾಕಿ ನೋಡಿ. ನಿಂತರೆ ಕೆಲವು ನಿಮಿಷ ಕೆಲಸ ಹೋಗುತ್ತದೆ, ಜನ ಬಂದು ಕೇಳುತ್ತಾರೆ, ಕೆಟ್ಟ ಡಿಸ್ಕ್ ಬದಲಾಗುತ್ತದೆ. ನಿಲ್ಲದೆ ಮುಂದುವರಿದರೆ ಯಾರದೋ ಜಮಾ ಸದ್ದಿಲ್ಲದೆ ಮಾಯವಾಗುತ್ತದೆ. ಬಹಳ ದಿನದ ಮೇಲೆ ಆ ವ್ಯಕ್ತಿ ಕೌಂಟರಿನ ಮುಂದೆ ನಿಂತು "ನಾನು ಕಟ್ಟಿದ್ದೇನೆ" ಎನ್ನುತ್ತಾನೆ. ಕಂಪ್ಯೂಟರ್ "ಇಲ್ಲ" ಎನ್ನುತ್ತದೆ. ಅಂಥ ಜಗಳದಲ್ಲಿ ಎಲ್ಲರೂ ನಂಬುವುದು ಕಂಪ್ಯೂಟರನ್ನೇ.

ಅಷ್ಟಕ್ಕೇ ಸಮಸ್ಯೆ ಮುಗಿಯಲಿಲ್ಲ. 2020ರಲ್ಲಿ ಅಮೆರಿಕದ ವಿಸ್ಕಾನ್ಸಿನ್–ಮ್ಯಾಡಿಸನ್ ವಿಶ್ವವಿದ್ಯಾಲಯದ ಸಂಶೋಧಕರು ಇಎಕ್ಸ್‌ಟಿ4, ಎಕ್ಸ್‌ಎಫ್‌ಎಸ್, ಬಿಟಿಆರ್‌ಎಫ್‌ಎಸ್ ಎಂಬ ಮೂರು ಫೈಲ್ ಸಿಸ್ಟಮ್‌ಗಳ ಮೇಲೆ ಐದು ಅಪ್ಲಿಕೇಶನ್‌ಗಳನ್ನು ಪರೀಕ್ಷಿಸಿದರು: ಪೋಸ್ಟ್‌ಗ್ರೆಸ್, ಎಸ್‌ಕ್ಯೂಲೈಟ್, ರೆಡಿಸ್, ಲೆವೆಲ್‌ಡಿಬಿ, ಎಲ್‌ಎಂಡಿಬಿ. ಎಫ್‌ಸಿಂಕ್ ವಿಫಲವಾದಾಗ ಇವು ಬೇರೆ ಬೇರೆ ಉಪಾಯ ಮಾಡುತ್ತವೆ, ಯಾವುದೂ ಪೂರ್ತಿ ಸಾಲದು ಎಂಬುದು ಅವರಿಗೆ ಕಂಡಿತು. ಒಂದು ಕಾರಣ ಸ್ವಾರಸ್ಯವಾಗಿದೆ. ಪ್ರೋಗ್ರಾಮ್ ನಿಂತು ಮತ್ತೆ ಶುರುವಾದರೂ ಕರ್ನೆಲ್ ನಿಂತಿರುವುದಿಲ್ಲ, ಅದರ ಪೇಜ್ ಕ್ಯಾಶ್ ಹಾಗೇ ಇರುತ್ತದೆ. ಇಎಕ್ಸ್‌ಟಿ4, ಎಕ್ಸ್‌ಎಫ್‌ಎಸ್‌ಗಳಲ್ಲಿ ಕ್ಲೀನ್ ಎಂದು ಗುರುತಾದ ಪೇಜಿನೊಳಗೆ ಹೊಸ ಮಾಹಿತಿ ಇರುತ್ತದೆ, ಡಿಸ್ಕ್‌ನಲ್ಲಿ ಹಳೆಯದು. ಪ್ರೋಗ್ರಾಮ್ ಓದಿ ನೋಡಿದರೆ ಸಿಗುವುದು ಕ್ಯಾಶ್‌ನ ಹೊಸ ಮಾಹಿತಿ. ಎಲ್ಲ ಸರಿ ಇದೆ ಎಂದುಕೊಳ್ಳುತ್ತದೆ. ಆ ಪೇಜ್ ಮೆಮೊರಿಯಿಂದ ಹೊರಬಿದ್ದ ದಿನ ಹಳೆಯ ಮಾಹಿತಿ ಎದ್ದು ಬರುತ್ತದೆ.

ನಮಗೆ ಉಪಯೋಗವಾಗುವುದು

ಇಷ್ಟು ದೊಡ್ಡ ಡೇಟಾಬೇಸ್ ನಾವು ಬರೆಯುವುದಿಲ್ಲ, ನಿಜ. ಆದರೂ ಲ್ಯಾಬಿನಲ್ಲಿ, ಪ್ರಾಜೆಕ್ಟಿನಲ್ಲಿ ಕೆಲವು ವಿಷಯ ನೆನಪಿಡಬಹುದು.

ಪೈಥಾನ್‌ನಲ್ಲಿ ಫೈಲಿಗೆ ರೈಟ್ ಮಾಡಿದರೆ ಮಾಹಿತಿ ಮೊದಲು ಪೈಥಾನ್‌ನದೇ ಬಫರ್‌ನಲ್ಲಿ ಕೂರುತ್ತದೆ. ಫ್ಲಶ್ ಅಥವಾ ಕ್ಲೋಸ್ ಮಾಡಿದರೆ ಕರ್ನೆಲ್‌ನ ಕ್ಯಾಶ್‌ಗೆ ಹೋಗುತ್ತದೆ. ಡಿಸ್ಕ್‌ಗೆ ಹೋಯಿತು ಎಂದು ಖಚಿತವಾಗಬೇಕಾದರೆ ಓಎಸ್ ಮಾಡ್ಯೂಲಿನ ಎಫ್‌ಸಿಂಕ್ ಬೇಕು. ಅದು ಎರರ್ ಕೊಟ್ಟರೆ ಎಕ್ಸೆಪ್ಟ್ ಹಾಕಿ ನುಂಗಬೇಡಿ. ಬಳಸುವವರಿಗೆ ಕಾಣುವಂತೆ ತೋರಿಸಿ.

ಎರರ್ ಬಂದಾಗ ಅದೇ ಎಫ್‌ಸಿಂಕನ್ನು ಮತ್ತೊಮ್ಮೆ ಕರೆದು ಸಮಾಧಾನ ಪಟ್ಟುಕೊಳ್ಳಬೇಡಿ. ಮೂಲ ಮಾಹಿತಿಯಿಂದ ಹೊಸ ಫೈಲಿಗೆ ಪೂರ್ತಿ ಬರೆಯಿರಿ. ಹೊಸದು ಸರಿಯಾಗಿ ಡಿಸ್ಕ್‌ಗೆ ಸೇರುವವರೆಗೆ ಹಳೆಯ ಫೈಲನ್ನು ಮುಟ್ಟಬೇಡಿ. ಸೇರಿದ ಮೇಲೆ ಹೆಸರು ಬದಲಿಸಿ ಹಳೆಯದರ ಜಾಗದಲ್ಲಿ ಕೂರಿಸಿ. ಲೆಡ್ಜರ್ ತಾಳೆಯಾಗದಿದ್ದರೆ ವೋಚರ್ ತೆಗೆದು ನೋಡಿ ಎಂದು ಅಕೌಂಟೆನ್ಸಿಯಲ್ಲಿ ಹೇಳುವುದೂ ಇದನ್ನೇ.

ಪೆನ್‌ಡ್ರೈವ್ ತೆಗೆಯುವ ಮೊದಲು ಇಜೆಕ್ಟ್ ಒತ್ತಿ ಎಂದು ಲ್ಯಾಬಿನಲ್ಲಿ ಏಕೆ ಹೇಳುತ್ತಾರೆ ಎಂಬುದು ಈಗ ಗೊತ್ತಾಗಿರಬಹುದು. ಪರದೆಯ ಮೇಲೆ ಕಾಪಿ ಮುಗಿದಂತೆ ಕಂಡರೂ ಮೆಮೊರಿಯಲ್ಲಿ ಬಾಕಿ ಇರಬಹುದು. ಇಜೆಕ್ಟ್ ಆ ಬಾಕಿಯನ್ನು ತೀರಿಸಿ, ಆಮೇಲೆ ತೆಗೆಯಲು ಹೇಳುತ್ತದೆ.

ಉಬುಂಟು ಇರುವ ಕಂಪ್ಯೂಟರ್ ಸಿಕ್ಕರೆ ಇದನ್ನು ಕಣ್ಣಾರೆ ನೋಡಬಹುದು. ಪ್ರಾಕ್ ಎಂಬ ಫೋಲ್ಡರಿನಲ್ಲಿ ಮೆಮ್‌ಇನ್ಫೋ ಎಂಬ ಫೈಲ್ ಇದೆ. ಅದನ್ನು ತೆರೆದರೆ ಡರ್ಟಿ ಎಂಬ ಸಾಲಿನ ಮುಂದೆ ಒಂದು ಅಂಕಿ ಇರುತ್ತದೆ. ಡಿಸ್ಕ್‌ಗೆ ಇನ್ನೂ ಹೋಗದ ಕಿಲೋಬೈಟ್‌ಗಳು ಅವು. ಒಂದು ದೊಡ್ಡ ವಿಡಿಯೋ ಕಾಪಿ ಮಾಡುತ್ತಾ ಆ ಫೈಲನ್ನು ಮತ್ತೆ ಮತ್ತೆ ತೆರೆದು ನೋಡಿ, ಅಂಕಿ ಏರುತ್ತದೆ. ಟರ್ಮಿನಲ್‌ನಲ್ಲಿ ಸಿಂಕ್ ಎಂದು ಟೈಪ್ ಮಾಡಿ ಎಂಟರ್ ಒತ್ತಿ, ಸ್ವಲ್ಪ ಕಾದು ಮತ್ತೆ ನೋಡಿ. ಅಂಕಿ ಇಳಿದಿರುತ್ತದೆ. ಅಷ್ಟು ಹೊತ್ತು ನಿಮ್ಮ ವಿಡಿಯೋದ ಎಷ್ಟು ಭಾಗ ಮೆಮೊರಿಯಲ್ಲೇ ಇತ್ತು ಎಂಬುದು ಆ ಎರಡು ಅಂಕಿಗಳ ವ್ಯತ್ಯಾಸದಿಂದ ಅಂದಾಜಾಗುತ್ತದೆ.